‘ರನ್’ ಎಂಬ ಪುಟ್ಟ ಕ್ರಿಯಾಪದವನ್ನು ಬೇರುಸಹಿತ ಕಲಿಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕನ್ನಡ ಮಾಧ್ಯಮದ ಮಕ್ಕಳು ಮೊದಮೊದಲು ಕಲಿಯುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ‘ರನ್’ ಒಂದು. ರನ್ ಎಂದರೆ ಓಡು. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೂರನೆಯ ಆವೃತ್ತಿಗಾಗಿ ಈ ಪದವನ್ನು ಪರಿಷ್ಕರಿಸಿದಾಗ ಕ್ರಿಯಾಪದ ರೂಪವೊಂದಕ್ಕೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವು. 2011ರಲ್ಲಿ ಇದು ಪತ್ರಿಕೆಗಳಲ್ಲೂ ಸುದ್ದಿಯಾಯಿತು. ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದು ಪದಕ್ಕಾಗಿ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ದುಡಿದಿದ್ದರು. ಅದಕ್ಕೆ ಮುಂಚೆ, 1989ರ ಆವೃತ್ತಿಯಲ್ಲಿ, ಹೆಚ್ಚು ಅರ್ಥಗಳ ಪಟ್ಟ ‘ಸೆಟ್’ ಎಂಬ ಪದದ್ದಾಗಿತ್ತು. ಅದರ ಅರ್ಥಗಳು 430ರ ಆಸುಪಾಸು.

645 ಅರ್ಥಗಳನ್ನು ಬಾಯಿಪಾಠ ಮಾಡುವ ಅಗತ್ಯ ಯಾರಿಗೂ ಇಲ್ಲ. ಪಿಯುಸಿ ವಿದ್ಯಾರ್ಥಿಗೆ, ಅನುವಾದಕ್ಕೆ ಕೈಹಾಕಿದವರಿಗೆ, ತರಗತಿಯಲ್ಲಿ ನಿಂತು ಪಾಠ ಹೇಳುವ ಮೇಷ್ಟರಿಗೆ ಮೂವತ್ತು ನಲವತ್ತು ಅರ್ಥಗಳು ಧಾರಾಳವಾಗಿ ಸಾಕು. ಅವನ್ನು ಪಟ್ಟಿ ಮಾಡಿ ಉರುಹೊಡೆಸುವ ಕೈಪಿಡಿಗಳ ಮೇಲೆ ನನಗೆ ನಂಬಿಕೆ ಇಲ್ಲ. ಪರೀಕ್ಷೆ ಮುಗಿದ ಮರುದಿನ ಪಟ್ಟಿಯೂ ಮರೆತಿರುತ್ತದೆ. ಈ ಪದದ ಮರ್ಮ ಕಾಲಿಗಿಂತ ಹೆಚ್ಚಾಗಿ ನೀರಿನಲ್ಲಿದೆ ಎಂಬುದು ನನ್ನ ತಿಳಿವಳಿಕೆ. ‘ಓಡು’ ಎನ್ನುವುದರ ಜೊತೆಗೆ ‘ಹರಿ’ ಎನ್ನುವುದನ್ನೂ ಇಟ್ಟುಕೊಂಡು ಹೊರಟರೆ ಅರ್ಥಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಅದಕ್ಕೊಂದು ಕ್ರಮ ಇಲ್ಲಿದೆ.

ಹಂತ 1: ನಿಘಂಟು ತೆರೆಯುವ ಮೊದಲು ವಾಕ್ಯಗಳನ್ನು ಹೆಕ್ಕಿ

ಒಂದು ನೋಟ್‌ಬುಕ್ ಇಟ್ಟುಕೊಂಡು ಎರಡು ವಾರ ವಾಕ್ಯಗಳನ್ನು ಮಾತ್ರ ಕೂಡಿಸಿ. ಅರ್ಥ ಬರೆಯಬೇಡಿ. ಪದವನ್ನಷ್ಟೇ ಎತ್ತಿಕೊಳ್ಳಬೇಡಿ, ಯಾರು, ಏನು, ಎಲ್ಲಿ ಎಂಬುದೆಲ್ಲ ಸೇರಿ ಇಡೀ ವಾಕ್ಯ ಬೇಕು. ಕರ್ತೃ ಬಿಟ್ಟುಹೋದ ವಾಕ್ಯ ಮುಂದಿನ ಹಂತದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದಕ್ಕೆ ಇಂಗ್ಲಿಷ್ ಪತ್ರಿಕೆಯೇ ಆಗಬೇಕೆಂದಿಲ್ಲ. ದಾವಣಗೆರೆ, ಚಿತ್ರದುರ್ಗದ ದಿನನಿತ್ಯದ ಮಾತಿನೊಳಗೆ ಈ ಪದ ಆಗಲೇ ಮನೆಮಾಡಿಕೊಂಡಿದೆ. ತೋಟದ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನೋಡಿ. ‘ಡ್ರೈ ರನ್’ ತಡೆಯುವ ವ್ಯವಸ್ಥೆ ಇದೆ ಎಂದು ಅದರ ಮೇಲೆ ಬರೆದಿರಬಹುದು. ಕೊಳವೆಬಾವಿಯಲ್ಲಿ ನೀರು ಕೆಳಗಿಳಿದ ಮೇಲೂ ಮೋಟರ್ ತಿರುಗುತ್ತಿದ್ದರೆ ಅದನ್ನು ತಂಪಾಗಿಡಲು ನೀರೇ ಇರುವುದಿಲ್ಲ, ಬಿಸಿಯೇರಿ ಸುಟ್ಟುಹೋಗುತ್ತದೆ. 2021ರ ಜನವರಿಯಲ್ಲಿ ಕೊರೊನಾ ಲಸಿಕೆ ಕೊಡುವ ಮುನ್ನ ನಡೆದ ತಾಲೀಮಿಗೂ ಪತ್ರಿಕೆಗಳು ‘ಡ್ರೈ ರನ್’ ಎಂದೇ ಬರೆದವು. ಮೋಟರಿಗೆ ಕೇಡು ತರುವ ಮಾತೇ ಲಸಿಕೆಯ ವಿಚಾರದಲ್ಲಿ ಒಳ್ಳೆಯ ಸಿದ್ಧತೆಯಾಯಿತು. ಎರಡನ್ನೂ ಬರೆದುಕೊಳ್ಳಿ.

ಕಿಟಕಿ ಗ್ರಿಲ್ ಮಾಡುವವರು, ಗ್ರಾನೈಟ್ ಕೂರಿಸುವವರು ‘ರನ್ನಿಂಗ್ ಫೀಟ್’ ಲೆಕ್ಕದಲ್ಲಿ ದರ ಹೇಳುತ್ತಾರೆ. ಅಗಲವನ್ನು ಬದಿಗಿಟ್ಟು ಉದ್ದವನ್ನಷ್ಟೇ ಅಳೆಯುವ ಲೆಕ್ಕ ಅದು. ಗುತ್ತಿಗೆದಾರರ ಬಾಯಲ್ಲಿ ‘ರನ್ನಿಂಗ್ ಬಿಲ್’ ಇದೆ: ಕೆಲಸ ಮುಗಿಯುವ ಮೊದಲೇ, ನಡೆದಷ್ಟು ಕೆಲಸಕ್ಕೆ ಹಾಕುವ ಬಿಲ್ಲು. ರೈಲ್ವೆಯ ‘ರನ್ನಿಂಗ್ ರೂಮ್’ ಇನ್ನೂ ಸ್ವಾರಸ್ಯದ್ದು. ಹೆಸರು ಕೇಳಿದರೆ ಓಟದ ಅಂಕಣ ಇರಬೇಕು ಅನಿಸುತ್ತದೆ. ಹೋಗಿ ನೋಡಿದರೆ ರೈಲು ಓಡಿಸಿ ದಣಿದವರು ಮಲಗಿರುತ್ತಾರೆ. ಕ್ರಿಕೆಟ್ ವೀಕ್ಷಕ ವಿವರಣೆಯಂತೂ ಒಂದು ಗಣಿ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದ ವೇಗಿ ವಿನಯ್ ಕುಮಾರ್ ಓಡಿಬರುತ್ತಿದ್ದದ್ದು ‘ರನ್ ಅಪ್’. ಬ್ಯಾಟು ಹಿಡಿದವರು ಗಳಿಸುವುದು ರನ್, ಅವರು ಕ್ರೀಸ್ ತಲುಪದಿದ್ದರೆ ರನ್ ಔಟ್. ಚೆಂಡು ಬೌಂಡರಿ ದಾಟಿದರೆ ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ರನ್.

ಹಂತ 2: ಓಡುತ್ತಿರುವುದು ಏನು ಎಂದು ಕೇಳಿ

ಈಗ ವಾಕ್ಯಗಳನ್ನು ಗುಂಪು ಮಾಡಬೇಕು. ಅರ್ಥದ ಪ್ರಕಾರ ಗುಂಪು ಮಾಡಲು ಹೊರಟರೆ ತಲೆಕೆಡುತ್ತದೆ. ಕರ್ತೃವಿನ ಪ್ರಕಾರ ಮಾಡಿ. ಕಾಲಿರುವ ಜೀವ ಓಡುತ್ತಿದೆಯೇ? ದ್ರವ ಹರಿಯುತ್ತಿದೆಯೇ? ಯಂತ್ರವೋ ವಾಹನವೋ ಚಲಿಸುತ್ತಿದೆಯೇ? ಅಥವಾ ಚಲನೆಯೇ ಇಲ್ಲದೆ ಒಂದು ಗೆರೆ, ರಸ್ತೆ, ಗೋಡೆ ಉದ್ದಕ್ಕೆ ಚಾಚಿದೆಯೇ? ಅಂಗಡಿ, ಸಂಸ್ಥೆ, ಸರ್ಕಾರದಂಥ ವ್ಯವಹಾರವೇ? ನಾಟಕ, ಒಪ್ಪಂದ, ಅವಧಿಯಂಥ ಕಾಲದ ಸಂಗತಿಯೇ?

ಈ ಆರು ಗುಂಪಿನಲ್ಲಿ ನಿಮ್ಮ ವಾಕ್ಯಗಳ ಬಹುಪಾಲು ಕುಳಿತುಕೊಳ್ಳುತ್ತವೆ. ಉಳಿದವನ್ನು ಕೊನೆಯ ಪುಟಕ್ಕೆ ತಳ್ಳಿ. ‘ರನ್ನಿಂಗ್ ಫೀಟ್’ ನಾಲ್ಕನೆಯ ಗುಂಪಿನದು. ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆಗಳ ಮೂಲಕ ‘ರನ್’ ಆಗುತ್ತದೆ ಎಂಬ ವಾಕ್ಯವೂ ಅಲ್ಲಿಗೇ ಸೇರುತ್ತದೆ. ರಸ್ತೆ ಮಲಗಿದಲ್ಲೇ ಇರುತ್ತದೆ, ಓಡುವುದು ನೋಡುವವರ ಕಣ್ಣು.

ಹಂತ 3: ಪ್ರತಿ ವಾಕ್ಯದ ಕೆಳಗೆ ಮನೆಯ ಕನ್ನಡ ಬರೆಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಸಮಯ ಇದಕ್ಕೇ ಮೀಸಲಿಡಿ. ನಿಯಮ ಒಂದೇ: ನಿಘಂಟಿನ ಕನ್ನಡ ಬೇಡ. ಅದೇ ಸಂಗತಿಯನ್ನು ನಿಮ್ಮ ಅಜ್ಜಿ ಹೇಳಿದ್ದರೆ ಯಾವ ಕ್ರಿಯಾಪದ ಬಳಸುತ್ತಿದ್ದರೋ ಅದನ್ನು ಬರೆಯಿರಿ.

ಬರೆಯುತ್ತಾ ಹೋದಂತೆ ಒಂದು ‘ರನ್’ ಕನ್ನಡದಲ್ಲಿ ಎಷ್ಟು ಕಡೆ ಚದುರುತ್ತದೆ ಎಂಬುದು ಕಾಣುತ್ತದೆ. ಮೂಗು ರನ್ ಆದರೆ ನಮ್ಮಲ್ಲಿ ಸೋರುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ಮೊಳಕಾಲ್ಮೂರು ಸೀರೆ ಕೊಳ್ಳುವಾಗ ಬಣ್ಣ ರನ್ ಆಗುತ್ತದೆಯೇ ಎಂದು ಇಂಗ್ಲಿಷಿನವರು ಕೇಳಿದರೆ, ನಾವು ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇವೆ. ಸಿನಿಮಾ ಮಾತ್ರ ಎರಡೂ ಕಡೆ ಓಡುತ್ತದೆ, ಅದೂ ನೂರು ದಿನ. ಜ್ವರ ಇಂಗ್ಲಿಷಿನಲ್ಲಿ ರನ್ ಆಗುತ್ತದೆ, ಕನ್ನಡದಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆ ಒಂದು ಕುಟುಂಬದಲ್ಲಿ ‘ರನ್’ ಆಗುತ್ತದೆ ಎಂದರೆ, ಅದು ಮನೆತನದಲ್ಲೇ ಇದೆ ಎಂದು ನಾವು ಹೇಳುವ ಮಾತು.

ಅಂಗಡಿಯ ವಿಚಾರಕ್ಕೆ ಬನ್ನಿ. ಇಂಗ್ಲಿಷಿನವನು ಅಂಗಡಿಯನ್ನು ಓಡಿಸುತ್ತಾನೆ, ನಾವು ನಡೆಸುತ್ತೇವೆ. ಶಾಲೆ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಸಭೆ ನಡೆಸುತ್ತೇವೆ. ವ್ಯವಹಾರದ ಚಲನೆಯನ್ನು ಅವರು ಓಟವಾಗಿ ಕಂಡರು, ನಾವು ನಡಿಗೆಯಾಗಿ ಕಂಡೆವು. ವ್ಯವಹಾರ ನಡೆಸುವ ಈ ಅರ್ಥ ಇಂಗ್ಲಿಷಿನಲ್ಲೂ ಬಹಳ ಹಳೆಯದಲ್ಲ. 19ನೇ ಶತಮಾನದ ನಡುವೆ ಅಮೆರಿಕದಲ್ಲಿ ಬಳಕೆಗೆ ಬಂದು ಆಮೇಲೆ ಎಲ್ಲೆಡೆ ಹಬ್ಬಿತು.

ಹತ್ತಿ ಗಿರಣಿಗಳ ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಗೆ ಹೊಂದುವ ಉದಾಹರಣೆಯೊಂದನ್ನು ತರಗತಿಯಲ್ಲಿ ತಪ್ಪದೆ ಕೊಡಿ. ಗಿರಣಿಯನ್ನು ರನ್ ಮಾಡುವವನು ಎಂದರೆ ಇಂಗ್ಲಿಷಿನಲ್ಲಿ ಮಾಲೀಕನೂ ಆಗಬಹುದು, ಯಂತ್ರದ ಮುಂದೆ ನಿಂತ ಕೆಲಸಗಾರನೂ ಆಗಬಹುದು. ಕನ್ನಡಕ್ಕೆ ಆ ಗೊಂದಲವಿಲ್ಲ: ಮಾಲೀಕ ಗಿರಣಿ ನಡೆಸುತ್ತಾನೆ, ಕಾರ್ಮಿಕ ಯಂತ್ರ ಓಡಿಸುತ್ತಾನೆ. ಅನುವಾದ ಮಾಡುವವರು ಇಲ್ಲಿ ಎಡವಿದರೆ ಕಾರ್ಮಿಕ ಒಂದೇ ವಾಕ್ಯದಲ್ಲಿ ಧಣಿಯಾಗಿಬಿಡುತ್ತಾನೆ. ಗಿರಣಿಯಿಂದಲೇ ಬಂದ ಇನ್ನೊಂದು ಮಾತು ‘ರನ್ ಆಫ್ ದ ಮಿಲ್’. ಒಳ್ಳೆಯದು ಕೆಟ್ಟದ್ದು ಎಂದು ಬೇರ್ಪಡಿಸದೆ ಗಿರಣಿಯಿಂದ ಹೊರಬಿದ್ದ ಹಾಗೇ ಇರುವ ಸರಕು ಎಂಬುದು ಮೊದಲಿನ ಅರ್ಥ. ಈಗ ವಿಶೇಷವೇನೂ ಇಲ್ಲದ, ಸಾಧಾರಣ ಎಂಬುದಕ್ಕೆ ಬಳಸುತ್ತಾರೆ.

ಚುನಾವಣೆಯ ಮಾತು ಇದಕ್ಕಿಂತ ಮೋಜಿನದು. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ. ಈ ಬಳಕೆ 19ನೇ ಶತಮಾನದ ಮೊದಲ ಭಾಗದ್ದು. ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ. ನಮ್ಮವರೂ ನಿಲ್ಲುತ್ತಾರೆ. ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ಅಧ್ಯಕ್ಷ ಸ್ಥಾನಕ್ಕೆ ಓಡುತ್ತಿದ್ದಾರೆ’ ಎಂದು ಬರೆದರೆ ಓದುಗರು ನಕ್ಕು ಪುಟ ಮಗುಚುತ್ತಾರೆ.

ಹಂತ 4: ತಾನೇ ಓಡಿತೋ, ಯಾರಾದರೂ ಓಡಿಸಿದರೋ?

ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ‘ಇಸು’ ಪ್ರತ್ಯಯ ಇದೆ: ಓಡು, ಓಡಿಸು, ಹರಿ, ಹರಿಸು. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ಬಸ್ಸೂ ರನ್ ಆಗುತ್ತದೆ, ಸಾರಿಗೆ ಸಂಸ್ಥೆ ಬಸ್ಸನ್ನೂ ರನ್ ಮಾಡುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಹೀಗಿರಲಿಲ್ಲ. ತಾನಾಗಿ ಓಡುವುದಕ್ಕೆ ‘ರಿನ್ನನ್’ ಇತ್ತು, ಕುದುರೆಯಂಥದ್ದನ್ನು ಓಡಿಸುವುದಕ್ಕೆ ‘ಆರ್ನನ್’ ಎಂಬ ಬೇರೆ ರೂಪ ಇತ್ತು. ಕಾಲಕ್ರಮೇಣ ಎರಡೂ ಬೆರೆತುಹೋದವು. ಪ್ರತಿ ವಾಕ್ಯದ ಪಕ್ಕ ‘ಓ’ ಅಥವಾ ‘ಓಸು’ ಎಂದು ಗುರುತು ಹಾಕಿಕೊಂಡರೆ ವ್ಯಾಕರಣದ ಬಹಳಷ್ಟು ತೊಡಕು ಸದ್ದಿಲ್ಲದೆ ಬಿಡುತ್ತದೆ.

ಹಂತ 5: ಬೇರಿಗೆ ಇಳಿಯಿರಿ

ಈಗ ನಿಘಂಟು ತೆರೆಯಬಹುದು. ಯಾವುದನ್ನು ತೆರೆಯಬೇಕು ಎಂಬುದರಲ್ಲಿ ಎಚ್ಚರ ಬೇಕು. ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಕೊಡುತ್ತವೆ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಚಾರಿತ್ರಿಕವಾದದ್ದು. ಅಲ್ಲಿ ಅರ್ಥಗಳು ಹುಟ್ಟಿದ ಕಾಲಕ್ರಮಕ್ಕೆ ಬೆಲೆ. ಲಂಡನ್ನಿನ ಫಿಲಾಲಜಿಕಲ್ ಸೊಸೈಟಿ 1857ರಲ್ಲಿ ಅಂಥದೊಂದು ಕೋಶದ ಮಾತೆತ್ತಿ, ಮೊದಲ ಕಂತು 1884ರಲ್ಲಿ ಹೊರಬಂದು, ಇಡೀ ಕೆಲಸ ಮುಗಿದಾಗ 1928. ಬೇರು ಹುಡುಕಲು ಈ ಬಗೆಯ ನಿಘಂಟು ಬೇಕು. ಜಿಲ್ಲಾ ಕೇಂದ್ರ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ವಿಚಾರಿಸಿ. ಅಂತರ್ಜಾಲದಲ್ಲಿ ಡಗ್ಲಸ್ ಹಾರ್ಪರ್ ಅವರ ವ್ಯುತ್ಪತ್ತಿ ಕೋಶ ಉಚಿತವಾಗಿ ಸಿಗುತ್ತದೆ. ಆರಂಭಕ್ಕೆ ಅಷ್ಟು ಸಾಕು.

ಸಿಗುವ ಕಥೆ ಹೀಗಿದೆ. ಹಳೆಯ ಇಂಗ್ಲಿಷಿನ ‘ರಿನ್ನನ್’ ಪದಕ್ಕೆ ಓಡು, ಹರಿ ಎರಡೂ ಅರ್ಥ. ಅದರೊಳಗಿನ ಧ್ವನಿಗಳು ಸ್ಥಾನ ಬದಲಿಸಿಕೊಂಡು ‘ಇರ್ನನ್’ ಎಂಬ ಇನ್ನೊಂದು ರೂಪವೂ ಚಾಲ್ತಿಯಲ್ಲಿತ್ತು. ‘ಬರ್ನ್’ ಎಂಬ ಪದಕ್ಕೂ ಇದೇ ಗತಿಯಾಗಿದೆ: ಜರ್ಮನ್ನಿನಲ್ಲಿ ಅದು ‘ಬ್ರೆನ್ನೆನ್’, ರಕಾರ ಮೊದಲು, ಇಂಗ್ಲಿಷಿನಲ್ಲಿ ಸ್ವರದ ಹಿಂದಕ್ಕೆ ಸರಿದಿದೆ. ಬರ್ನ್ ಹಾಗೇ ಉಳಿಯಿತು, ರನ್ ಮಾತ್ರ ಮರಳಿ ಮೊದಲಿನ ಸಾಲಿಗೆ ಬಂತು. ಇದಕ್ಕೆ ಇಂಗ್ಲೆಂಡಿನಲ್ಲಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದವರ ‘ರಿನ್ನ’, ‘ರೆನ್ನ’ ಎಂಬ ಪದಗಳ ಒತ್ತಾಸೆಯೂ ಕಾರಣ. ಮಧ್ಯಕಾಲದಲ್ಲಿ ‘ರೆನ್ನೆ’ ಎಂಬಂಥ ರೂಪಗಳಿದ್ದವು. ಇಂದಿನ ಉಕಾರ ಭೂತಕಾಲದ ರೂಪಗಳಿಂದ ವರ್ತಮಾನಕ್ಕೆ ಜಾರಿದ್ದು.

ಜರ್ಮನ್ ಭಾಷೆ ಇಲ್ಲಿ ಒಳ್ಳೆಯ ಸಾಕ್ಷಿ. ಅಲ್ಲಿ ‘ರೆನ್ನೆನ್’ ಎಂದರೆ ಓಡು, ‘ರಿನ್ನೆನ್’ ಎಂದರೆ ತೆಳ್ಳಗೆ ಹರಿ. ಮಳೆನೀರಿನ ದೋಣಿಗೆ ‘ರಿನ್ನೆ’ ಎನ್ನುತ್ತಾರೆ. ‘ಗೆರಿನ್ನೆನ್’ ಎಂದರೆ ಹಾಲು ಒಡೆಯುವುದು, ರಕ್ತ ಹೆಪ್ಪುಗಟ್ಟುವುದು: ಹರಿದುಬಂದು ಒಂದಾಗಿ ಕೂಡಿಕೊಳ್ಳುವ ಭಾವ. ಚೀಸ್ ತಯಾರಿಸುವಾಗ ಹಾಲು ಗಟ್ಟಿಯಾಗಲೆಂದು ಬೆರೆಸುವ ‘ರೆನೆಟ್’ ಎಂಬ ಪದವನ್ನೂ ವಿದ್ವಾಂಸರು ಈ ಬೇರಿಗೇ ಸೇರಿಸುತ್ತಾರೆ. ನಮ್ಮ ಮನೆಯ ಹೆಪ್ಪಿಗೂ ಒಲಿಂಪಿಕ್ಸ್ ಓಟಕ್ಕೂ ಇಂಗ್ಲಿಷಿನಲ್ಲಿ ನೆಂಟಸ್ತಿಕೆ ಎಂದರೆ ಮಕ್ಕಳು ಪಾಠ ಮರೆಯುವುದಿಲ್ಲ.

14ನೇ ಶತಮಾನದ ಕವಿ ಚಾಸರ್ ‘ಕ್ಯಾಂಟರ್‌ಬರಿ ಟೇಲ್ಸ್’ ಕೃತಿಯ ಮೊದಲಲ್ಲೇ ಈ ಕ್ರಿಯಾಪದವನ್ನು ಬಳಸಿದ್ದಾನೆ. ಅಲ್ಲಿ ಓಡುತ್ತಿರುವವನು ಸೂರ್ಯ. ಮೇಷ ರಾಶಿಯಲ್ಲಿ ಅರ್ಧ ದಾರಿ ಸವೆಸಿದ್ದಾನೆ. ಕಾಲಿಲ್ಲದ ಓಟ ಇಂದು ನೆನ್ನೆಯದಲ್ಲ ಎನ್ನುವುದಕ್ಕೆ ಇದನ್ನು ತೋರಿಸಬಹುದು. ಆಮೇಲೆ ಯಂತ್ರಗಳ ಯುಗ ಬಂದು ಗಡಿಯಾರ, ಎಂಜಿನ್, ಮಗ್ಗ, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ರನ್ ಆಗತೊಡಗಿದವು. ಅರ್ಥಗಳ ಸಂಖ್ಯೆ ಉಬ್ಬಿದ್ದರಲ್ಲಿ ಯಂತ್ರಗಳ ಪಾಲು ದೊಡ್ಡದು.

ಇದೇ ಸರಣಿಯಲ್ಲಿ ಹಳಗನ್ನಡಕ್ಕೂ ಒಮ್ಮೆ ಹೋಗಿಬನ್ನಿ. ಇಂದಿನ ‘ಹರಿ’ ಅಂದು ‘ಪರಿ’. ಕಿಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ನೋಡಿದರೆ ಅದಕ್ಕೆ ಹರಿ, ಓಡು ಎರಡೂ ಅರ್ಥ ಕಾಣುತ್ತದೆ. ಸಂಸ್ಕೃತದ ‘ದ್ರು’ ಧಾತುವೂ ಹಾಗೆಯೇ: ಓಡು ಎಂದೂ ಆಗುತ್ತದೆ, ಕರಗಿ ಹರಿ ಎಂದೂ ಆಗುತ್ತದೆ. ದ್ರವ ಅದರಿಂದ ಬಂತು; ಮೇಲೆರಗಿ ಬರುವ ಉಪದ್ರವವೂ ಅದರಿಂದಲೇ. ಇಲ್ಲೊಂದು ಗೆರೆ ಎಳೆದುಕೊಳ್ಳಿ. ಕನ್ನಡದ ‘ಪರಿ’ಗೂ ಇಂಗ್ಲಿಷಿನ ‘ರನ್’ಗೂ ರಕ್ತಸಂಬಂಧ ಇಲ್ಲ, ಎರಡೂ ಬೇರೆ ಬೇರೆ ಭಾಷಾ ಕುಟುಂಬದವು. ನೀರು ಮತ್ತು ಓಟವನ್ನು ಒಟ್ಟಿಗೆ ಕಾಣುವ ಬುದ್ಧಿ ಮಾತ್ರ ಎರಡು ಕಡೆಯೂ ಇತ್ತು.

ಹಂತ 6: ಹುಸಿ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ

ಬೇರಿನ ರುಚಿ ಹತ್ತಿದವರು ಸದ್ದು ಕೂಡಿದ್ದನ್ನೆಲ್ಲ ಸಂಬಂಧ ಎಂದು ಹೇಳತೊಡಗುತ್ತಾರೆ. ‘ರೂಯಿನ್’ ಎಂಬುದು ಲ್ಯಾಟಿನ್ನಿನ ಬೀಳು ಎಂಬರ್ಥದ ಧಾತುವಿನಿಂದ ಬಂದದ್ದು. ರನ್ ಜೊತೆ ಅದಕ್ಕೆ ಏನೂ ಇಲ್ಲ. ಹಳೆಯ ಜರ್ಮಾನಿಕ್ ಲಿಪಿಯ ಹೆಸರಾದ ‘ರೂನ್’ ಕೂಡ ಬೇರೆ ಮನೆಯದು. ‘ರಣ’ದಿಂದ ರನ್ ಬಂತು ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ, ಚಪ್ಪಾಳೆ ಬೀಳುತ್ತದೆ, ಆಧಾರ ಸಿಗುವುದಿಲ್ಲ.

ಒಂದೇ ರೂಪದ ಎರಡು ಪದಗಳೂ ಹೀಗೆಯೇ ಮೋಸ ಮಾಡುತ್ತವೆ. ನೀರು ಹರಿಯಿತು, ಬಟ್ಟೆ ಹರಿಯಿತು. ಒಂದೇ ಪದದ ಎರಡು ಅರ್ಥ ಅನಿಸುತ್ತದೆ. ಹಳಗನ್ನಡದಲ್ಲಿ ಮೊದಲನೆಯದು ಸಾದಾ ರಕಾರದ ‘ಪರಿ’, ಎರಡನೆಯದು ಶಕಟರೇಫದ ‘ಪಱಿ’. ಱ ಅಕ್ಷರ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ವೇಷ ತೊಟ್ಟವು. ಚಿತ್ರದುರ್ಗ ಸೀಮೆಯ ಹಳೆಯ ಶಾಸನಗಳಲ್ಲಿ ಆ ಅಕ್ಷರ ಹೇಗಿರುತ್ತದೆ ಎಂದು ನೋಡಬೇಕೆನಿಸಿದರೆ ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ತೆರೆಯಿರಿ, ಅದು ಈ ಜಿಲ್ಲೆಯದೇ. ಪದ ಒಂದೋ ಎರಡೋ ಎಂದು ತೀರ್ಮಾನಿಸಬೇಕಾದರೆ ಹಳೆಯ ರೂಪಕ್ಕೆ ಹೋಗಲೇಬೇಕು, ಇಂದಿನ ಕಾಗುಣಿತ ಸಾಲದು.

ಹಂತ 7: ಬಾಲದ ಪದಗಳು

ರನ್ ಹಿಂದೆ ಬರುವ ಔಟ್, ಓವರ್, ಡೌನ್, ಇಂಟು ಮುಂತಾದ ಪುಟ್ಟ ಪದಗಳೇ ಪರೀಕ್ಷೆಯಲ್ಲಿ ಹೆಚ್ಚು ಕಾಡುವುದು. ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿ. ಎರಡು ಸಾಕು, ಉಳಿದವು ಆಮೇಲೆ.

‘ರನ್ ಔಟ್’ ಎಂದರೆ ಹರಿದು ಬರಿದಾಗುವುದು. ಡೀಸೆಲ್, ಸಮಯ, ತಾಳ್ಮೆ ಎಲ್ಲಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಮುಗಿ, ತೀರು, ಖಾಲಿಯಾಗು. ಕ್ರಿಕೆಟ್ಟಿನ ರನ್ ಔಟ್ ಇದಲ್ಲ, ಅಲ್ಲಿ ಔಟ್ ಎಂಬುದು ಆಟದಿಂದ ಹೊರಗೆ ಎಂಬ ತೀರ್ಪು. ‘ರನ್ ಓವರ್’ ಎಂದರೆ ಅಂಚು ಮೀರಿ ಹರಿಯುವುದು. ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ಬೀಳುವುದನ್ನು ಕಣ್ಣಾರೆ ಕಂಡ ಆ ಸೀಮೆಯವರಿಗೆ ರನ್ ಓವರ್ ಎಂಬುದನ್ನು ಬೇರೆ ವಿವರಿಸಬೇಕಿಲ್ಲ. ಅದೇ ಮಾತು ವಾಹನಕ್ಕೆ ಬಂದಾಗ ಮೈಮೇಲೆ ಹರಿಯುವುದಾಗುತ್ತದೆ. ಗಮನಿಸಿ, ಅಪಘಾತದ ಸುದ್ದಿಯಲ್ಲಿ ಕನ್ನಡ ಪತ್ರಿಕೆಗಳೂ ‘ಲಾರಿ ಹರಿದು’ ಎಂದೇ ಬರೆಯುತ್ತವೆ.

ಹಂತ 8: ಬೀಗರ ಕಡೆಯವರನ್ನೂ ನೋಡಿ

ಓಡು ಎಂಬರ್ಥದ ಲ್ಯಾಟಿನ್ ಧಾತು ‘ಕುರ್ರೆರೆ’. ರನ್‌ಗೆ ಅದು ಒಡಹುಟ್ಟಿದ್ದಲ್ಲ, ಆದರೆ ಅದರ ಸಂತಾನ ನಮ್ಮ ಮನೆಗಳಲ್ಲೇ ಇದೆ. ‘ಕರೆಂಟ್ ಹೋಯಿತು’ ಎನ್ನುವಾಗಿನ ಕರೆಂಟ್ ಎಂದರೆ ಓಡುತ್ತಿರುವುದು. ಕೋರ್ಸ್ ಎಂದರೆ ಓಟದ ದಾರಿ. ಕೊರಿಯರ್ ಎಂದರೆ ಓಡುವವನು. ಕಚೇರಿಯ ಕಾರಿಡಾರ್, ಕಿಸೆಯ ಕರೆನ್ಸಿ, ಕಂಪ್ಯೂಟರ್ ಪರದೆಯ ಕರ್ಸರ್ ಎಲ್ಲ ಅದೇ ವಂಶ. ನೋಟ್‌ಬುಕ್ಕಿನಲ್ಲಿ ಇವಕ್ಕೆ ಬೇರೆ ಪುಟ ಕೊಡಿ, ರನ್ ಪುಟದಲ್ಲಿ ಬೆರೆಸಬೇಡಿ.

ಹಂತ 9: ಒಂದು ದೊಡ್ಡ ಹಾಳೆ

ಕ್ಯಾಲೆಂಡರಿನ ಹಿಂಬದಿಯಾದರೂ ಆದೀತು. ನಡುವೆ ‘ಓಡು/ಹರಿ’ ಎಂದು ಬರೆದು ಎರಡನೆಯ ಹಂತದ ಆರು ಗುಂಪುಗಳನ್ನು ಕೊಂಬೆಯಾಗಿ ಎಳೆಯಿರಿ. ಪ್ರತಿ ಕೊಂಬೆಯ ಮೇಲೆ ನೀವು ಹೆಕ್ಕಿದ ವಾಕ್ಯ, ಕೆಳಗೆ ಮನೆಯ ಕನ್ನಡ ಬರಲಿ. ಯಾವ ಅರ್ಥ ಯಾವುದರಿಂದ ಕವಲೊಡೆಯಿತು ಎಂಬ ಗೆರೆಯನ್ನು ಪೆನ್ಸಿಲಿನಲ್ಲೇ ಹಾಕಿ, ಚಾರಿತ್ರಿಕ ನಿಘಂಟು ಒಪ್ಪಿದ ಮೇಲೆ ಶಾಯಿ. ತರಗತಿಯಲ್ಲಿ ಮಾಡುವುದಾದರೆ ಒಂದೊಂದು ಕೊಂಬೆಯನ್ನು ಒಂದೊಂದು ಬೆಂಚಿಗೆ ವಹಿಸಿ. ವ್ಯವಹಾರದ ಕೊಂಬೆಯನ್ನು ಅಂಗಡಿ ಮನೆಯ ಮಕ್ಕಳಿಗೆ, ನೀರಿನ ಕೊಂಬೆಯನ್ನು ತೋಟ ಗದ್ದೆ ಇರುವವರಿಗೆ. ಕೊನೆಯ ಪುಟಕ್ಕೆ ತಳ್ಳಿದ್ದ ವಾಕ್ಯಗಳಲ್ಲಿ ಅರ್ಧದಷ್ಟಕ್ಕೆ ಈ ಹೊತ್ತಿಗೆ ಜಾಗ ಸಿಕ್ಕಿರುತ್ತದೆ. ಸಿಗದಿದ್ದವನ್ನು ಒತ್ತಾಯದಿಂದ ಕೂರಿಸಬೇಡಿ.

ಮುಂದಿನ ಪದ ಯಾವುದು ಎಂದು ಕೇಳಿದರೆ ನಾನು ‘ಟೇಕ್’ ಎನ್ನುತ್ತೇನೆ. ‘ಸೆಟ್’ ವಿಪರೀತ ಹರಡಿಕೊಂಡಿದೆ, ಎರಡನೆಯ ಪ್ರಯತ್ನಕ್ಕೆ ಭಾರವಾಗುತ್ತದೆ. ಟೇಕ್ ಸ್ಕ್ಯಾಂಡಿನೇವಿಯಾದವರ ‘ತಾಕ’ದಿಂದ ಬಂದು, ಹಳೆಯ ಇಂಗ್ಲಿಷಿನ ‘ನಿಮನ್’ ಎಂಬ ಪದವನ್ನು ಮೂಲೆಗುಂಪು ಮಾಡಿತು. ನಿಮನ್ ಇಂದಿಗೂ ಜರ್ಮನ್ನಿನಲ್ಲಿ ‘ನೇಮೆನ್’ ಆಗಿ ಬದುಕಿದೆ. ಇಂಗ್ಲಿಷಿನಲ್ಲಿ ಅದರ ಕುರುಹು ಮರಗಟ್ಟಿದ ಎಂಬರ್ಥದ ‘ನಂಬ್’ ಪದದಲ್ಲಿ ಉಳಿದಿದೆ, ಸ್ಪರ್ಶವನ್ನು ಕಿತ್ತುಕೊಂಡದ್ದು ಎಂಬ ಭಾವದಲ್ಲಿ. ಹಾಳೆಯ ನಡುವೆ ‘ಹಿಡಿ’ ಎಂದು ಬರೆದುಕೊಂಡು ಶುರು ಮಾಡಿ. ಬಸ್ಸು ಹಿಡಿಯುವುದು, ಫೋಟೊ ತೆಗೆಯುವುದು, ಮಾತ್ರೆ ನುಂಗುವುದು, ಪರೀಕ್ಷೆ ಬರೆಯುವುದು: ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಟೇಕ್ ಒಂದೇ, ಹೀಗಾಗಿ ಮೂರನೆಯ ಹಂತ ಅಲ್ಲೂ ಹೆಚ್ಚು ಹೊತ್ತು ಬೇಡುತ್ತದೆ.